ಮುಂದಿನದು ಗಂಡು

ಇಂಚೊನ್
26 ಫೆಬ್ರವರಿ 1982

ಅಪ್ಪನಿಗೆ,

ನಿಮ್ಮ ಪತ್ರ ನಿನ್ನೆ ಕೈಸೇರಿತು. ಕಾರ್ಖಾನೆಯ ಊಟದ ಬಿಡುವಿನಲ್ಲಿ ಓದಿದೆ. ತಮ್ಮನ ಹೆಂಡತಿ ಮಾಲ್ಸುನ್ ಹೆತ್ತಳು, ತಾಯಿ ಮಗು ಇಬ್ಬರೂ ಕ್ಷೇಮ ಎಂಬಲ್ಲಿಯವರೆಗೆ ಸಂತೋಷವಾಗಿಯೇ ಇದ್ದೆ. ಹುಟ್ಟಿದ್ದು ಹೆಣ್ಣು, ಏನು ಮಾಡುವುದು, ಹುನಾಮ್ ಎಂದು ಹೆಸರಿಡುತ್ತೇನೆ ಎಂಬ ಸಾಲಿಗೆ ಬಂದಾಗ ಮೈಯೆಲ್ಲ ಉರಿದುಹೋಯಿತು.

ಹುನಾಮ್. ಮುಂದಿನದು ಗಂಡು. ಇನ್ನೂ ಸರಿಯಾಗಿ ಕಣ್ಣು ಬಿಡದ ಕೂಸಿಗೆ, ನೀನು ಬಂದದ್ದು ಸಾಲದು, ನಿನ್ನ ಹಿಂದೆ ಒಬ್ಬನನ್ನು ಕರೆದುಕೊಂಡು ಬಾ ಎನ್ನುತ್ತಿದ್ದೀರಿ. ಮಗು ಹುಟ್ಟಿದ ಮನೆಯ ಬಾಗಿಲಿಗೆ ಕಟ್ಟುವ ಹುಲ್ಲುಹಗ್ಗಕ್ಕೆ ಮುಂಚಿತವಾಗಿಯೇ ಗಂಡಿನ ಗುರುತಿನ ಕೆಂಪು ಮೆಣಸಿನಕಾಯಿ ಸಿಕ್ಕಿಸಿಟ್ಟಿದ್ದಿರಂತೆ. ಹೆಣ್ಣು ಎಂದು ತಿಳಿದ ಮೇಲೆ ಒಂದೊಂದಾಗಿ ಕಿತ್ತು, ಇದ್ದಿಲು ಸಿಕ್ಕಿಸಿ ಕಟ್ಟಿದಿರಂತೆ. ಪಕ್ಕದ ಮನೆಯ ಚಿಕ್ಕಮ್ಮ ಫೋನಿನಲ್ಲಿ ನಗುತ್ತಾ ಹೇಳಿದಳು. ನನಗೆ ನಗು ಬರಲಿಲ್ಲ.

ನನಗೆ ಇಟ್ಟ ಹೆಸರು ಮರೆತಿದ್ದರೆ ನೆನಪಿಸುತ್ತೇನೆ. ಪಿಲ್ನಾಮ್. ಖಂಡಿತ ಗಂಡು. ಮೂವತ್ತು ವರ್ಷದಿಂದ ಇದನ್ನು ಹೊತ್ತು ತಿರುಗುತ್ತಿದ್ದೇನೆ. ಶಾಲೆಯ ಮೊದಲ ದಿನ ಮೇಷ್ಟ್ರು ಹೆಸರು ಕೂಗಿ ಗಂಡುಹುಡುಗರ ಸಾಲಿನಲ್ಲಿ ಹುಡುಕಿದರು. ನಾನು ಎದ್ದು ನಿಂತಾಗ, "ನಿಮ್ಮಪ್ಪಂಗೆ ಬೇಕಾಗಿದ್ದಿದ್ದು ನೀನಲ್ಲ ಬಿಡು" ಎಂದರು. ಇಡೀ ತರಗತಿ ನಕ್ಕಿತು. ಇಲ್ಲಿ ಕೆಲಸಕ್ಕೆ ಸೇರಿದಾಗ ಗಂಡಸರ ವಸತಿಗೃಹದಲ್ಲಿ ನನಗೆ ಹಾಸಿಗೆ ಹಾಕಿಟ್ಟಿದ್ದರು. ಎಲ್ಲಕ್ಕಿಂತ ಹೇಸಿಗೆಯಾದದ್ದು ನೀವು ತಂದ ಆ ಸಂಬಂಧ. ಹುಡುಗನ ತಾಯಿ ನನ್ನ ಮುಖ ನೋಡಲಿಲ್ಲ, ಕೆಲಸ ಕೇಳಲಿಲ್ಲ, ಗಂಡು ತರುವ ಹೆಸರಂತೆ, ನಮ್ಮ ಮನೆಗೆ ಬರಲಿ ಎಂದಳು. ನೀವು ಖುಷಿಯಿಂದ ತಲೆಯಾಡಿಸಿದಿರಿ. ನಾನು ಎದ್ದು ಬಸ್ಸು ಹಿಡಿದೆ. ಪಿಲ್ನಾಮ್‌ಗೆ ಯಾಕೆ ಇನ್ನೂ ಮದುವೆಯಾಗಿಲ್ಲ ಎಂದು ಕೇಳಿದವರಿಗೆಲ್ಲ ನೀವು ನನ್ನ ಮೂಗಿನ ತುದಿಯ ಕೋಪದ ಕಥೆ ಹೇಳುತ್ತೀರಂತೆ.

ಮಗುವಿಗೆ ಆ ಹೆಸರು ಬೇಡ. ಇದನ್ನು ಕೇಳಿಕೊಳ್ಳುತ್ತಿಲ್ಲ, ಹೇಳುತ್ತಿದ್ದೇನೆ.

ನಿಮ್ಮ ಮಗಳು,
ಪಿಲ್ನಾಮ್


ಯೆಚೊನ್
4 ಮಾರ್ಚ್ 1982

ಪಿಲ್ನಾಮ್‌ಗೆ,

ಇಲ್ಲಿ ಇನ್ನೂ ಬೆಳಿಗ್ಗೆ ನೆಲ ಹೆಪ್ಪುಗಟ್ಟುತ್ತದೆ. ಬಾರ್ಲಿ ಪೈರು ತಡವಾಗಿದೆ. ಹೆತ್ತ ತಂದೆಗೆ ಹೀಗೆ ಪತ್ರ ಬರೆಯುವವಳು ನೀನೊಬ್ಬಳೇ ಇರಬೇಕು. ಚಿಕ್ಕಮ್ಮನ ಮಗನಿಂದ ಓದಿಸಿಕೊಳ್ಳೋಣ ಎಂದುಕೊಂಡಿದ್ದೆ. ಸದ್ಯ, ಕನ್ನಡಕ ಸಿಕ್ಕಿತು, ಮನೆಯ ಮರ್ಯಾದೆ ಉಳಿಯಿತು.

ಹೆಸರಿನ ಬೆಲೆಯನ್ನು ನನಗೆ ಹೇಳಿಕೊಡಬೇಡ. ಜಪಾನಿನವರು ನಮ್ಮ ಹೆಸರು ಕಿತ್ತುಕೊಂಡಾಗ ನಾನು ಶಾಲೆಯಲ್ಲಿದ್ದೆ. ಬೆಳಿಗ್ಗೆ ಗ್ವಾಕ್ ಜೊಂಗ್‌ದೆ ಆಗಿ ಮನೆ ಬಿಟ್ಟವನು ಮಧ್ಯಾಹ್ನ ಬಾಯಿಗೆ ಹೊರಳದ ಯಾವುದೋ ಹೆಸರಿನವನಾಗಿ ವಾಪಸು ಬಂದೆ. ನನ್ನಪ್ಪ ಪೂರ್ವಜರ ಗೋರಿಗಳ ಮುಂದೆ ಹಣೆ ನೆಲಕ್ಕೆ ಹಚ್ಚಿ ಅತ್ತದ್ದನ್ನು ಕಣ್ಣಾರೆ ಕಂಡಿದ್ದೇನೆ. ಆ ಹೆಸರನ್ನು ಮರಳಿ ಪಡೆದ ಮೇಲೆ ಅದು ನನ್ನ ಮಗನಲ್ಲೇ ನಿಂತುಹೋಗಲಿ ಎಂದು ಬಿಡಲಾಗುತ್ತದೆಯೇ? ಈ ಮನೆಗೆ ಗಂಡು ಬೇಕು. ಇದು ನನ್ನ ಚಪಲವಲ್ಲ.

ನಿನಗೆ ಪಿಲ್ನಾಮ್ ಎಂದು ಇಟ್ಟೆ. ಸಾಂಗ್‌ಹುನ್ ಹುಟ್ಟಿದ. ಇದಕ್ಕಿಂತ ಸಾಕ್ಷಿ ಬೇಕೇ? ಅವನು ಹುಟ್ಟಿದ ದಿನ ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಸಂತೆಗೆ ಹೋಗಿದ್ದೆ. ಊರೆಲ್ಲ ನಿನ್ನ ಕೆನ್ನೆ ಸವರಿ, ಒಳ್ಳೆ ಕೆಲಸ ಮಾಡಿದೆ ಮಗಳೇ ಎಂದಿತು. ಅದನ್ನೆಲ್ಲ ಮರೆತು ಗಂಡಸರ ವಸತಿಗೃಹದ ವಿಷಯ ಬರೆಯುತ್ತೀಯ.

ಸಂತೆಯಲ್ಲಿ ಹೆಸರು ಕೂಡಿಸಿ ಕೊಡುವ ಹಿರಿಯರನ್ನು ಕಂಡು ಬಂದಿದ್ದೇನೆ. ಹುಟ್ಟಿದ ಗಳಿಗೆಗೆ ಹುನಾಮ್ ಚೆನ್ನಾಗಿ ಹೊಂದುತ್ತದೆ ಎಂದರು. ಬಾಣಂತಿಯ ಮೂರು ವಾರ ಮುಗಿದ ಮೇಲಿನ ಮೊದಲ ಸಂತೆಯ ದಿನ ಹೋಬಳಿ ಕಚೇರಿಗೆ ಹೋಗಿ ಬರೆಸುತ್ತೇನೆ. ಸೊಸೆ ಏನೂ ಅಂದಿಲ್ಲ. ಅವಳು ಟಾಕ್ ಮನೆತನದವಳು. ಗ್ವಾಕ್ ಮನೆತನದ ಹೆಸರಿನಲ್ಲಿ ಅವಳು ಅನ್ನುವುದಾದರೂ ಏನಿದೆ?

ಚಳಿಗೆ ಒಳಗಡೆ ದಪ್ಪ ಬಟ್ಟೆ ಹಾಕಿಕೋ.

ಅಪ್ಪ


ಇಂಚೊನ್
8 ಮಾರ್ಚ್ 1982

ತಮ್ಮಾ ಸಾಂಗ್‌ಹುನ್,

ಸೌದಿಯಲ್ಲಿ ನಿನಗೆ ಬಿಸಿಲು ಹೆಚ್ಚು ಎಂದು ಗೊತ್ತು. ಇದನ್ನು ಓದಿದರೆ ಇನ್ನಷ್ಟು ಬಿಸಿಯಾಗಬಹುದು, ಆಗಲಿ. ಅಪ್ಪ ನಿನ್ನ ಮಗಳಿಗೆ ಹುನಾಮ್ ಎಂದು ಹೆಸರಿಡಲು ಹೊರಟಿದ್ದಾರೆ. ನೀನು ಆ ಮಗುವಿನ ತಂದೆ. ಕೂಡಲೇ ತಂತಿ ಕೊಡು, "ಬೇಡ" ಎಂಬ ಒಂದು ಪದ ಸಾಕು. ನಿನ್ನ ಮಾತನ್ನು ಅವರು ತಳ್ಳಿಹಾಕುವುದಿಲ್ಲ. ನೀನು ಮನೆಯ ಗಂಡುಮಗ. ನಾನು ನಿನ್ನನ್ನು ಕರೆಯಲು ಕಳಿಸಿದ ಆಳು.

ನೀನು ಹುಟ್ಟಿದ ದಿನ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಸಂತೆಗೆ ಹೋಗಿದ್ದರೆಂದು ಅಪ್ಪ ಬರೆದಿದ್ದಾರೆ. ನನಗೂ ನೆನಪಿದೆ. ಮತ್ತೆಂದೂ ಕೂರಿಸಲಿಲ್ಲ. ಆಮೇಲೆ ಆ ಹೆಗಲು ನಿನ್ನದಾಯಿತು.

ಜಪಾನಿನವರು ಹೆಸರು ಕಿತ್ತುಕೊಂಡ ಸಿಟ್ಟು ಅವರಿಗೆ ಇವತ್ತಿಗೂ ಆರಿಲ್ಲವಂತೆ. ನ್ಯಾಯವೇ. ಆದರೆ ಅವರಿಗೆ ಕಿತ್ತುಕೊಳ್ಳುವುದಕ್ಕಾದರೂ ಒಂದು ಹೆಸರಿತ್ತು. ನಮ್ಮಮ್ಮನ ಹೆಸರು ಏನೆಂದು ನಿನಗೆ ಗೊತ್ತೇ? ಗನ್ನಾನ್. ಈಗ ತಾನೇ ಹುಟ್ಟಿದ್ದು ಎಂದಷ್ಟೇ ಅರ್ಥ. ಹುಟ್ಟಿದ ದಿನ ಕರೆದದ್ದೇ ಸಾಯುವವರೆಗೂ ಉಳಿಯಿತು, ಇನ್ನೊಂದನ್ನು ಯೋಚಿಸುವ ಪುರುಸೊತ್ತು ಯಾರಿಗೂ ಇರಲಿಲ್ಲ. ಗೋರಿಯ ಕಲ್ಲಿನ ಮೇಲೆ ಅದೂ ಇಲ್ಲ, ಕಿಮ್ಹೆ ಊರಿನ ಕಿಮ್ ಮನೆತನದ ಹೆಣ್ಣು ಎಂದು ಕೆತ್ತಿದ್ದಾರೆ. ಕಿಮ್ಹೆ ಕಿಮ್‌ಗಳು ಈ ದೇಶದಲ್ಲಿ ಎಷ್ಟು ಲಕ್ಷವೋ. ಅದರಲ್ಲಿ ನಮ್ಮಮ್ಮ ಯಾರು?

ನಾನೊಂದು ಹೆಸರು ಆರಿಸಿದ್ದೇನೆ. ಯೊಂಗ್‌ಹ್ವಾನ್. ನಮ್ಮ ಮನೆತನದಲ್ಲಿ ನಿನ್ನ ತಲೆಮಾರಿನ ಗಂಡುಮಕ್ಕಳಿಗೆಲ್ಲ ಸಾಂಗ್ ಎಂಬ ಅಕ್ಷರ ಬಂದ ಹಾಗೆ ಮುಂದಿನವರಿಗೆ ಹ್ವಾನ್ ಬರಬೇಕು. ಹೊಳಪು ಎಂದು ಅರ್ಥ. ಅದು ಹುಡುಗರಿಗೆ ಮಾತ್ರ, ನನಗೆ ಗೊತ್ತಿದೆ. ಅದಕ್ಕೇ ನಿನ್ನ ಮಗಳಿಗೆ ಬೇಕು. ವಂಶಾವಳಿಯ ಮುದುಕರೆಲ್ಲ ಓದಿ ಕೆಮ್ಮಿಕೊಳ್ಳಲಿ.

ತಂತಿ ಕಾಯುತ್ತಿರುತ್ತೇನೆ.

ಅಕ್ಕ


ಯೆಚೊನ್
16 ಮಾರ್ಚ್ 1982

ಪಿಲ್ನಾಮ್,

ಇನ್ನು ಮೇಲೆ ಈ ಮನೆಯ ಹೊಸಲು ತುಳಿಯಬೇಡ.

ಐವತ್ತಾರು ವರ್ಷ ಈ ಊರಿನಲ್ಲಿ ತಲೆಯೆತ್ತಿ ನಡೆದಿದ್ದೇನೆ. ಮೊನ್ನೆ ಹೋಬಳಿ ಕಚೇರಿಯಲ್ಲಿ, ಸಂತೆಗೆ ಬಂದ ಜನರೆಲ್ಲ ಕಿಟಕಿಗೆ ಮೂಗು ಒತ್ತಿ ನೋಡುತ್ತಿರುವಾಗ, ನೀನು ನನ್ನ ಕೈಯಿಂದ ಅರ್ಜಿಯನ್ನು ಕಿತ್ತು ಕಲ್ಲಿದ್ದಲ ಒಲೆಗೆ ತುರುಕಿದೆ. ಎಳೆದಾಟದಲ್ಲಿ ನನ್ನ ಕುದುರೆಗೂದಲ ಟೋಪಿ ಬಿತ್ತು. ಅದನ್ನೆತ್ತಿ ಕೊಟ್ಟವನು ಗುಮಾಸ್ತ. ಅವನು ನಮ್ಮ ಮನೆತನದವನೇ, ನನಗೆ ಮಗನ ವರಸೆ. ಅವನ ಮುಂದೆಯೇ ನೀನು, "ನಿಮ್ಗೆ ಗಂಡು ಬೇಕಿದ್ರೆ ನೀವೇ ಹೆರಿ" ಎಂದೆ. ಅವನು ನಗು ತಡೆಯಲು ಮೇಜಿನ ಕೆಳಗೆ ಏನನ್ನೋ ಹುಡುಕಲು ಬಗ್ಗಿದ. ನಾನು ನೋಡಿದೆ.

ಮನೆಗೆ ಬಂದವನು ಹಾಸಿಗೆ ಹಿಡಿದಿದ್ದೇನೆ. ಕಾಯಿಲೆಯಿಂದಲ್ಲ, ಹೊರಗೆ ಮುಖ ತೋರಿಸಲಾಗದೆ. ಹೆಸರು ಬರೆಸುವ ಗಡುವಿಗೆ ಇನ್ನೂ ಸ್ವಲ್ಪ ದಿನವಿದೆ. ಎದ್ದ ದಿನ ಮತ್ತೆ ಹೋಗುತ್ತೇನೆ. ಹೊಸ ಅರ್ಜಿಗೆ ಕಾಗದದ ಬರವಿಲ್ಲ.

ಗ್ವಾಕ್ ಜೊಂಗ್‌ದೆ


ಇಂಚೊನ್
20 ಮಾರ್ಚ್ 1982

ಮಾಲ್ಸುನ್‌ಗೆ,

ಮೈ ಹೇಗಿದೆ? ಕಡಲಸೊಪ್ಪಿನ ಸಾರು ಬೇಸರವಾದರೂ ಬಿಡದೆ ಕುಡಿ. ಮೊನ್ನೆ ನಿನ್ನನ್ನು ನೋಡದೆಯೇ ಬಂದುಬಿಟ್ಟೆ. ಕಚೇರಿಯಲ್ಲಿ ಆದದ್ದು ನಿನಗೂ ತಿಳಿದಿರುತ್ತದೆ. ಅಪ್ಪನೊಂದಿಗೆ ಮನೆಗೆ ಬಂದಿದ್ದರೆ ಅಲ್ಲೊಂದು ಯುದ್ಧವಾಗುತ್ತಿತ್ತು.

ಹೆದರಬೇಡ, ಅಪ್ಪ ಎರಡು ದಿನ ಮಲಗಿ ಎದ್ದರೂ ನಾನು ಬಿಡುವವಳಲ್ಲ. ಬರುವ ಶನಿವಾರ ರಜೆ ಕೇಳಿದ್ದೇನೆ. ಬೆಳಗಿನ ಬಸ್ಸಿಗೆ ಬಂದು ನೇರವಾಗಿ ಹೋಬಳಿ ಕಚೇರಿಗೆ ಹೋಗಿ ನಾನೇ ಬರೆಸುತ್ತೇನೆ. ಹೆಸರು ಯೊಂಗ್‌ಹ್ವಾನ್. ಅರ್ಥ ಆಮೇಲೆ ಹೇಳುತ್ತೇನೆ, ದೊಡ್ಡದಿದೆ. ಸಹಿಯ ಬದಲು ಒತ್ತುವ ಸಾಂಗ್‌ಹುನ್‌ನ ಮೊಹರು ನಿನ್ನ ಹತ್ತಿರ ಇರುತ್ತದಲ್ಲ, ಅದನ್ನು ಚಿಕ್ಕಮ್ಮನ ಮನೆಯಲ್ಲಿ ಕೊಟ್ಟಿರು. ನೀನು ಬರುವುದು ಬೇಡ, ಗಾಳಿ ಜೋರು. ಅಪ್ಪನಿಗೆ ಏನೂ ಹೇಳಬೇಡ. ಈ ಮನೆಯಲ್ಲಿ ಒಂದು ಹೆಣ್ಣಾದರೂ ತಲೆಯೆತ್ತಿ ಬದುಕಲಿ.

ಅತ್ತಿಗೆ


ಜುಬೈಲ್
22 ಮಾರ್ಚ್ 1982

ಅಕ್ಕಾ,

ನಿನ್ನ ಪತ್ರ ಇವತ್ತು ಸಿಕ್ಕಿತು. ತಂತಿ ಕೊಡಬೇಕೆಂದೇ ಸೈಟಿನ ಕಚೇರಿಯವರೆಗೂ ಹೋಗಿದ್ದೆ, ಬಾಗಿಲಲ್ಲಿ ನಿಂತು ವಾಪಸು ಬಂದೆ. ಅಪ್ಪನಿಗೆ ಬೇಡ ಎಂದು ಹೇಗೆ ಹೇಳಲಿ? ಹುಟ್ಟಿದಾಗಿನಿಂದ ಆ ಪದವನ್ನು ಅವರಿಗೆ ಹೇಳಿಲ್ಲ.

ನಿನ್ನ ಹೆಸರು ನಿನಗೆ ಇಷ್ಟು ಚುಚ್ಚುತ್ತದೆ ಎಂದು ನನಗೆ ತಿಳಿದಿರಲಿಲ್ಲ. ನಿನ್ನ ಹೆಸರಿನ ಬಲದಿಂದಲೇ ನಾನು ಹುಟ್ಟಿದ್ದು ಎಂದು ಎಲ್ಲರೂ ಹೇಳುತ್ತಿದ್ದರು, ನಾನು ನಿನಗೆ ಋಣಿ ಎಂದುಕೊಂಡಿದ್ದೆ. ಮನೆಯಲ್ಲಿ ಏನಾದರೊಂದು ಮುದ್ದಿನ ಹೆಸರಿನಿಂದ ಕರೆದರೆ ಆಯಿತು, ಕಾಗದದ ಮೇಲೆ ಅಪ್ಪನಿಗೆ ಬೇಕಾದದ್ದು ಇರಲಿ. ಯೊಂಗ್‌ಹ್ವಾನ್ ಕೂಡ ಚೆನ್ನಾಗಿಯೇ ಇದೆ. ನೀನೂ ಅಪ್ಪನೂ ಮಾತಾಡಿ ತೀರ್ಮಾನ ಮಾಡಿ. ಮಾಲ್ಸುನ್ ಪಾಪದವಳು, ದೊಡ್ಡವರು ಹೇಳಿದ್ದಕ್ಕೆ ಹೂಂ ಅನ್ನುತ್ತಾಳೆ.

ಮಗಳ ಫೋಟೋ ಇದ್ದರೆ ಕಳಿಸು. ಯಾರ ಹಾಗಿದ್ದಾಳೆ ಎಂದು ಯಾರೂ ಬರೆದಿಲ್ಲ.

ಸಾಂಗ್‌ಹುನ್


ಯೆಚೊನ್
29 ಮಾರ್ಚ್ 1982

ಅತ್ತಿಗೆಗೆ,

ನೀವು ಶನಿವಾರ ಬಂದು ಮೊಹರು ಸಿಗದೆ ಚಿಕ್ಕಮ್ಮನ ಮನೆಯಿಂದಲೇ ವಾಪಸು ಹೋದಿರಿ ಎಂದು ಕೇಳಿದೆ. ಮೊಹರು ನಾನು ಕೊಟ್ಟಿರಲಿಲ್ಲ. ನಿಮ್ಮ ಪತ್ರ ಬಂದ ದಿನವೇ ತೀರ್ಮಾನ ಮಾಡಿದ್ದೆ.

ನನಗೆ ಪತ್ರ ಬರೆದು ಅಭ್ಯಾಸವಿಲ್ಲ. ತಪ್ಪಿದ್ದರೆ ಕ್ಷಮಿಸಿ ಎಂದು ಬರೆಯಲು ಹೊರಟೆ, ಆಮೇಲೆ ಹೊಡೆದುಹಾಕಿದೆ. ಕ್ಷಮೆ ಕೇಳುವಂಥದ್ದು ನಾನೇನೂ ಮಾಡಿಲ್ಲ. ನನಗೆ ಸಿಟ್ಟು ಬಂದಿದೆ, ಅತ್ತಿಗೆ. ಮಾವನವರ ಮೇಲೂ, ನಿಮ್ಮ ತಮ್ಮನ ಮೇಲೂ. ನಿಮ್ಮ ಮೇಲೆ ಎಲ್ಲರಿಗಿಂತ ಹೆಚ್ಚು.

ಮಾವನವರು ಕೇಳಲಿಲ್ಲ. ಅವರಿಂದ ನಾನು ನಿರೀಕ್ಷಿಸಿಯೂ ಇರಲಿಲ್ಲ. ಆದರೆ ನೀವು ನನಗಾಗಿ, ನನ್ನ ಮಗಳಿಗಾಗಿ ಜಗಳವಾಡಿದೆ ಎನ್ನುತ್ತೀರಿ. ಒಂದು ಸಲವಾದರೂ, ನಿನ್ನ ಮಗುವಿಗೆ ಯಾವ ಹೆಸರು ಬೇಕು ಮಾಲ್ಸುನ್ ಎಂದು ಕೇಳಿದಿರಾ? ನನಗೆ ಬಂದದ್ದು ಮೊಹರು ಇಡಬೇಕಾದ ಜಾಗದ ವಿಳಾಸ. ನನ್ನ ಕೂಸು ಒಳಗೆ ಹಾಲು ಕುಡಿಯುತ್ತಾ ಇತ್ತು, ನೀವಿಬ್ಬರು ಗ್ವಾಕ್‌ಗಳು ಅದನ್ನು ಹೋಬಳಿ ಕಚೇರಿಯಲ್ಲಿ ಆ ಕಡೆ ಈ ಕಡೆ ಎಳೆದಾಡುತ್ತಿದ್ದಿರಿ.

ನನ್ನ ಹೆಸರಿನ ಅರ್ಥ ನಿಮಗೆ ಗೊತ್ತೇ ಇದೆ. ಮಾಲ್ಸುನ್. ಕೊನೆಯದು. ನಾಲ್ಕು ಹೆಣ್ಣಿನ ಮೇಲೆ ಐದನೆಯವಳು ನಾನು, ಇನ್ನು ಹೆಣ್ಣು ಸಾಕು ಎಂದು ದೇವರಿಗೆ ತಿಳಿಸಲು ನನ್ನ ತಲೆಗೆ ಈ ಹೆಸರು ಕಟ್ಟಿದರು. ನನ್ನ ಹಿಂದೆ ಇನ್ನೂ ಇಬ್ಬರು ಹೆಣ್ಣೇ ಬಂದರು. ಕೊನೆಯದೂ ಆಗಲಿಲ್ಲ ಎಂದು ನಮ್ಮಜ್ಜಿ ನನ್ನನ್ನು ಬೈಯುತ್ತಿದ್ದಳು. ನಿಮ್ಮ ಹೆಸರು ಕೆಲಸ ಮಾಡಿತಲ್ಲ, ಅತ್ತಿಗೆ. ನಿಮ್ಮನ್ನು ಒಂದು ದಿನವಾದರೂ ಹೆಗಲ ಮೇಲೆ ಹೊತ್ತರು. ಕೆಲಸ ಮಾಡದ ಹೆಸರಿನವಳ ಪಾಡು ಏನು ಎಂದು ನಿಮಗೆ ಗೊತ್ತಿಲ್ಲ.

ಯೊಂಗ್‌ಹ್ವಾನ್ ಎಂದಿರಿ. ಹುನಾಮ್ ಗಂಡಿನ ಹೆಸರು, ಯೊಂಗ್‌ಹ್ವಾನ್ ಕೂಡ ಗಂಡಿನ ಹೆಸರೇ. ಮಾವನವರಿಗೆ ನನ್ನ ಮಗಳು ಒಬ್ಬ ತಮ್ಮನನ್ನು ತರಬೇಕು. ನಿಮಗೆ ಅವಳು ಸೇಡು ತೀರಿಸಿಕೊಡಬೇಕು. ಕತ್ತು ನಿಲ್ಲದ ಕೂಸಿಗೆ ಇಬ್ಬರೂ ಒಂದೊಂದು ಕೆಲಸ ಹಚ್ಚಿಬಿಟ್ಟಿರಿ.

ಹೋದ ಶುಕ್ರವಾರ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು, ಮೇಲೆ ಕಂಬಳಿ ಹೊದ್ದು, ನಾನೇ ಹೋಬಳಿ ಕಚೇರಿಗೆ ಹೋದೆ. ಗಾಳಿ ಜೋರಾಗಿಯೇ ಇತ್ತು. ಗುಮಾಸ್ತ ನನ್ನನ್ನು ನೋಡಿ ಎದ್ದು ಮೊದಲು ಒಲೆಯ ಬಾಗಿಲು ಮುಚ್ಚಿದ. ಮನೆಯ ಯಜಮಾನರು ಎಲ್ಲಿ ಎಂದು ಕೇಳಿದ. ಮಲಗಿದ್ದಾರೆ ಎಂದೆ. ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, "ಹೆತ್ತೋಳೇ ಬಂದು ನಿಂತ್ರೆ ನಾನು ಆಗಲ್ಲ ಅನ್ನೋಕೆ ಬರಲ್ಲ" ಎಂದು ಬರೆದುಕೊಂಡ. ಹೆಸರಿನ ಪಕ್ಕ ಬರೆಯುವ ಚೀನೀ ಅಕ್ಷರ ಯಾವುದು ಎಂದು ಕೇಳಿದ. ಇಲ್ಲ ಎಂದೆ. ಆ ಜಾಗ ಖಾಲಿ ಬಿಡಿ ಎಂದೆ. ನಮ್ಮ ಮಾತಿನ ಹೆಸರು, ನಮ್ಮ ಲಿಪಿಯಲ್ಲೇ ಇರಲಿ.

ಇಸುಲ್. ಇಬ್ಬನಿ.

ಹೋದ ಶರತ್ಕಾಲದಲ್ಲಿ ಬೆಳಿಗ್ಗೆ ಮೆಣಸಿನಕಾಯಿ ಕೊಯ್ಯಲು ಹೋಗಿದ್ದೆ. ಲಂಗ ಮೊಣಕಾಲಿನವರೆಗೂ ಇಬ್ಬನಿಯಲ್ಲಿ ನೆನೆದಿತ್ತು. ಅಲ್ಲಿಯೇ ಅವಳು ಮೊದಲ ಸಲ ಒದ್ದಳು. ಕೆಲಸ ಬಿಟ್ಟು ಸಾಲಿನ ನಡುವೆ ನಿಂತುಕೊಂಡೆ. ಅವತ್ತಿನಿಂದ ಅವಳನ್ನು ಹಾಗೇ ಕರೆಯುತ್ತಿದ್ದೇನೆ. ನೀವು ಯಾರೂ ಕೇಳಲಿಲ್ಲ, ಅದಕ್ಕೆ ನಿಮಗೆ ಗೊತ್ತಿಲ್ಲ. ಈ ಹೆಸರು ಯಾರನ್ನೂ ಕರೆಯುವುದಿಲ್ಲ, ಯಾರನ್ನೂ ತಡೆಯುವುದಿಲ್ಲ, ಯಾರಿಗೂ ಉತ್ತರ ಕೊಡುವುದಿಲ್ಲ. ಅವಳು ಗ್ವಾಕ್ ಇಸುಲ್. ಮೊದಲಿನ ಮನೆತನದ ಹೆಸರು ನಿಮ್ಮದು, ಅದನ್ನು ನಾನು ಮುಟ್ಟಲಿಲ್ಲ. ಆಮೇಲಿನದು ನಾನು ಕೊಟ್ಟದ್ದು.

ಮಾವನವರಿಗೆ ಹೇಳಿದೆ. ಬಿಸಿಲು ಬಂದರೆ ಆರಿಹೋಗುವ ವಸ್ತುವಿನ ಹೆಸರು ಯಾರಾದರೂ ಇಡುತ್ತಾರೆಯೇ ಎಂದು ಗೋಡೆಯ ಕಡೆ ಹೊರಳಿದರು. ಅನ್ನ ಮಾತ್ರ ಉಣ್ಣುತ್ತಿದ್ದಾರೆ.

ಮಾಲ್ಸುನ್


ಇಂಚೊನ್
14 ಮೇ 1982

ಅಪ್ಪನಿಗೆ,

ಮಗುವಿನ ನೂರನೆಯ ದಿನಕ್ಕೆ ಬಾ ಎಂದು ಮಾಲ್ಸುನ್ ಒಂದು ಸಾಲು ಬರೆದಿದ್ದಾಳೆ. ಹೊಸಲು ತುಳಿಯಬೇಡ ಎಂದು ನೀವು ಬರೆದದ್ದು ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ. ಬರುತ್ತೇನೆ. ಅಡ್ಡ ಹಾಕಬೇಕೆನಿಸಿದರೆ ಬಾಗಿಲಲ್ಲಿ ನಿಂತಿರಿ.

ಮಾರ್ಚ್ ಕೊನೆಯಲ್ಲಿ ಅವಳು ನನಗೆ ಬರೆದ ಪತ್ರವನ್ನು ಓದಿ ಎರಡು ದಿನ ಅವಳನ್ನು ಬೈದೆ. ಹೊಲಿಗೆ ಯಂತ್ರದ ಮುಂದೆ ಕೂತು ಬೈದೆ, ನನ್ನ ಸಾಲಿನ ಹುಡುಗಿಯರು ತಮಗೇ ಎಂದುಕೊಂಡು ತಲೆ ತಗ್ಗಿಸಿ ಹೊಲಿದರು. ಆಮೇಲೆ ಬೈಗುಳ ಮುಗಿದುಹೋಯಿತು, ಅವಳು ಹೇಳಿದ್ದು ಹಾಗೇ ಉಳಿಯಿತು. ಯೊಂಗ್‌ಹ್ವಾನ್ ಎಂಬ ಹೆಸರನ್ನು ನಾನು ಆರಿಸಿದ್ದು ಮಗುವಿಗಲ್ಲ, ನಿಮಗೆ ಹೊಡೆಯುವುದಕ್ಕೆ. ಕೈಗೆ ಸಿಕ್ಕಿದ್ದು ಮಗು. ನೀವೂ ನಾನೂ ಎಷ್ಟು ಒಂದೇ ತರಹ ಎಂದು ನೆನೆದರೆ ನನಗೆ ನನ್ನ ಮೇಲೇ ರೇಗುತ್ತದೆ.

ಇದರಿಂದ ನಿಮ್ಮ ಮೇಲಿನ ಸಿಟ್ಟು ಇಳಿಯಿತು ಎಂದುಕೊಳ್ಳಬೇಡಿ. ಎಳ್ಳಷ್ಟೂ ಇಳಿದಿಲ್ಲ. ನೀವು ಇನ್ನೂ ಮಗುವನ್ನು ಹೆಸರು ಹಿಡಿದು ಕರೆಯುವುದಿಲ್ಲವಂತೆ, "ಏಯ್, ಇಲ್ನೋಡು" ಎನ್ನುತ್ತೀರಂತೆ. ನಿಮ್ಮಿಷ್ಟ. ಅವಳು ತಿರುಗಿ ನೋಡುವುದಿಲ್ಲವಂತೆ. ಒಳ್ಳೆಯದಾಯಿತು.

ಈ ಪತ್ರ ಬರೆಯುತ್ತಿರುವುದು ಬೇರೆ ವಿಷಯಕ್ಕೆ. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನನ್ನಿಂದಲೇ ಕೇಳಿ. ನಿನ್ನೆ ಅರ್ಧ ದಿನ ರಜೆ ಹಾಕಿ ನ್ಯಾಯಾಲಯಕ್ಕೆ ಹೋಗಿದ್ದೆ. ಹೆಸರು ಬದಲಿಸಿಕೊಡಿ ಎಂದು ಅರ್ಜಿ ಹಾಕಿದ್ದೇನೆ. ಹೊಸ ಹೆಸರನ್ನು ನಾನೇ ಆರಿಸಿದೆ, ಯಾರನ್ನೂ ಕೇಳಲಿಲ್ಲ. ಅದು ನನಗೆ ಮಾತ್ರ ಸೇರಿದ್ದು, ಕೇಳಬೇಕಾಗಿಯೂ ಇರಲಿಲ್ಲ. ಅದೇನೆಂದು ಈಗ ಹೇಳುವುದಿಲ್ಲ.

ಸಿಗುವುದು ಕಷ್ಟ ಎಂದು ಹೊರಗೆ ಕೂತು ಅರ್ಜಿ ಬರೆದುಕೊಡುವ ಮುದುಕ ಮೊದಲೇ ಹೇಳಿದ. ಬೆಳೆದವರ ಹೆಸರನ್ನು ನ್ಯಾಯಾಧೀಶರು ಸುಲಭಕ್ಕೆ ಬದಲಿಸುವುದಿಲ್ಲವಂತೆ, ಕಾರಣ ಗಟ್ಟಿಯಾಗಿರಬೇಕಂತೆ. ಜನ ನಗುತ್ತಾರೆ, ಗಂಡಸಿನ ಹೆಸರು, ಮದುವೆಗೆ ತೊಂದರೆ ಎಂದೆಲ್ಲ ಬರೆಯೋಣ, ಕಣ್ಣೀರು ಬರುವ ಹಾಗೆ ಬರೆಯುತ್ತೇನೆ ಎಂದ. ಬೇಡ ಎಂದೆ. ಅವನ ಕೈಯಿಂದ ಪೆನ್ನು ಇಸಿದುಕೊಂಡು ಆ ಜಾಗವನ್ನು ನಾನೇ ತುಂಬಿಸಿದೆ. ಅವನು ಓದಿ ಕನ್ನಡಕ ತೆಗೆದು ನನ್ನ ಮುಖ ನೋಡಿದ, ಬರೆದುಕೊಟ್ಟದ್ದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ನಿಮಗೂ ಗೊತ್ತಿರಲಿ ಎಂದು ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ:

"ನನ್ನ ತಂದೆ ಗಂಡುಮಗುವನ್ನು ಕರೆತರಲು ನನಗೆ ಈ ಹೆಸರು ಕೊಟ್ಟರು. ಗಂಡುಮಗು ಬಂದಿದೆ, ಬೆಳೆದಿದೆ, ಮದುವೆಯಾಗಿದೆ, ತಾನೇ ತಂದೆಯಾಗಿದೆ. ನನ್ನ ಕೆಲಸ ಮುಗಿದಿದೆ. ಇನ್ನು ನನ್ನನ್ನು ಬಿಟ್ಟುಬಿಡಿ."

ನಿಮ್ಮ ಮಗಳು